ನಾಲ್ಕು ಬೆರಳಿನ ಒಳಮಡಿಕೆ

ಜೂನ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಗೆ ಬಂದ ಹೆಂಗಸು ನಿವೃತ್ತ ನರ್ಸ್. ಆಕೆಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇತ್ತು. ಅದರ ಹಿಡಿಕೆಗೆ ಬಟ್ಟೆ ಒಣಹಾಕುವ ನೈಲಾನ್ ಹಗ್ಗ ಕಟ್ಟಿತ್ತು.

ಠಾಣೆಯ ಬರವಣಿಗೆ ನೋಡುವ ಕಾನ್‌ಸ್ಟೇಬಲನ್ನು ಎಲ್ಲರೂ ರೈಟರ್ ಎಂದೇ ಕರೆಯುತ್ತಿದ್ದರು. ಅವನು ಕತ್ತೆತ್ತಿ ನೋಡಿದ.

"ಏನಮ್ಮ, ನಲ್ಲೀಲಿ ನೀರು ಬರ್ತಿಲ್ವಾ? ಅದು ನಮ್ಮ ಇಲಾಖೆ ಅಲ್ಲ."

"ತಮಾಷೆ ಆಮೇಲೆ ಮಾಡುವಿಯಂತೆ. ನಿಮ್ಮ ಸಾಹೇಬ್ರನ್ನ ಕರಿ."

ಇನ್ಸ್‌ಪೆಕ್ಟರ್ ಒಳಗಿನಿಂದ ಬಂದರು. ನರ್ಸ್ ನಿಂತೇ ಹೇಳಿದಳು. ಅವಳ ಮನೆ ಎರಡನೇ ಮಹಡಿಯಲ್ಲಿ. ಮೂರನೇ ಮಹಡಿಯ ಮನೆಗೆ ಶನಿವಾರದಿಂದ ಹೊರಗಿನಿಂದ ಬೀಗ. ಒಳಗೆ ಕೆಲಸದ ಹುಡುಗಿ ಇದ್ದಾಳೆ. ನಿನ್ನೆ ಬಾಲ್ಕನಿಯಿಂದ ಈ ಬಕೆಟ್ ಇಳಿಬಿಟ್ಟು, ಇಸ್ತ್ರಿಪೆಟ್ಟಿಗೆ ತಗುಲಿ ಕೈ ಸುಟ್ಟಿದೆ, ಮುಲಾಮು ಇದ್ದರೆ ಕೊಡಿ ಎಂದಳು. ಕೊಟ್ಟದ್ದಾಯಿತು. ಇವತ್ತು ಮತ್ತೆ ಇಳಿಬಿಟ್ಟಳು. ಬ್ರೆಡ್ಡು, ನೀರಿನ ಬಾಟಲಿ ಇಟ್ಟರೆ ಸುಟ್ಟ ಕೈಯಲ್ಲಿ ಎಳೆಯಲಾಗದೆ ಹಗ್ಗ ಜಾರಿತು.

"ಹುಡುಗಿ ಆ ಮನೇಲಿ ಎಷ್ಟು ದಿನದಿಂದ ಇದಾಳೆ?"

"ಎರಡು ವರ್ಷ." ನರ್ಸ್ ಬಕೆಟ್ಟನ್ನು ಮೇಜಿನ ಮೇಲಿಟ್ಟಳು. "ಇಷ್ಟು ದಿನ ಯಾಕೆ ಬರ್ಲಿಲ್ಲ ಅಂತ ಮಾತ್ರ ಕೇಳ್ಬೇಡಿ."

ಇನ್ಸ್‌ಪೆಕ್ಟರ್ ಕೇಳಲಿಲ್ಲ.

ಹನ್ನೊಂದೂ ಮೂವತ್ತೈದಕ್ಕೆ ಕಟ್ಟಡದ ಕಾವಲುಗಾರ ಮತ್ತು ಬೀಗ ರಿಪೇರಿಯವನನ್ನು ಪಂಚ ಸಾಕ್ಷಿಗಳನ್ನಾಗಿ ನಿಲ್ಲಿಸಿಕೊಂಡು ಬಾಗಿಲು ತೆಗೆಸಲಾಯಿತು. ಮನೆ ಚೊಕ್ಕಟವಾಗಿತ್ತು. ಇಸ್ತ್ರಿಯಾದ ಅಂಗಿಗಳು ಬಣ್ಣದ ಪ್ರಕಾರ ಜೋಡಿಸಿಟ್ಟಿದ್ದವು. ಹುಡುಗಿ ಅಡುಗೆಮನೆಯ ಬಾಗಿಲಿನ ಹಿಂದೆ ನಿಂತಿದ್ದಳು. ಬಲಗೈಗೆ ಒರೆಸುವ ಬಟ್ಟೆ ಸುತ್ತಿಕೊಂಡಿದ್ದಳು. ನರ್ಸನ್ನು ಕಂಡು ಒಂದು ಹೆಜ್ಜೆ ಮುಂದೆ ಬಂದವಳು ಇನ್ಸ್‌ಪೆಕ್ಟರ ಸಮವಸ್ತ್ರ ಕಂಡು ಎರಡು ಹೆಜ್ಜೆ ಹಿಂದೆ ಹೋದಳು.

ಮಾತಾಡಿಸುವ ಕೆಲಸ ಮಹಿಳಾ ಹೆಡ್ ಕಾನ್‌ಸ್ಟೇಬಲ್‌ದು. ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಸೇರಿದಂತೆ ಎಲ್ಲರಿಗೂ ಆಕೆ ಅಕ್ಕ.

"ನಿಂಗೆ ಎಷ್ಟು ವರ್ಷ ಪುಟ್ಟಿ?"

"ಹದಿನೆಂಟು." ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂತು.

"ಇಲ್ಲಿಗೆ ಬಂದು ಎಷ್ಟಾಯ್ತು?"

"ಎರಡು ವರ್ಷ."

"ಬಂದಾಗ ಎಷ್ಟಿತ್ತು?"

"ಹದಿನೆಂಟು."

ಬೀಗದವನು ಫಕ್ಕನೆ ನಕ್ಕ. ಅಕ್ಕ ತಿರುಗಿ ನೋಡಿದಳು. ಅವನು ತನ್ನ ಸಲಕರಣೆಯ ಚೀಲದೊಳಗೆ ಏನನ್ನೋ ಹುಡುಕತೊಡಗಿದ.

ಪಂಚನಾಮೆ ಶುರುವಾಯಿತು. ಬಟ್ಟೆ ಒಗೆಯುವ ಯಂತ್ರದ ಹಿಂದೆ ಸುತ್ತಿಟ್ಟ ಒಂದು ಹಾಸಿಗೆ. ಒಂದು ಬಾಚಣಿಗೆ. ಒಂದೇ ಥಾನಿನಿಂದ ಹೊಲಿದ ಎರಡು ನೀಲಿ ಫ್ರಾಕುಗಳು, ಒಂದು ಹುಡುಗಿಯ ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಇಷ್ಟೇ ಅವಳ ಸಾಮಾನು. ಮನೆಯೊಡತಿ ಕಾಲೇಜಿನಲ್ಲಿ ಪಾಠ ಹೇಳುವವರು. ಇನ್ಸ್‌ಪೆಕ್ಟರ್ ಫೋನ್ ಮಾಡಿದಾಗ ಅವರ ಧ್ವನಿಗೆ ಗಾಬರಿಗಿಂತ ಬೇಸರವೇ ಹೆಚ್ಚಿತ್ತು.

"ಬೀಗ ಒಡೆದ್ರಾ? ನಾವು ಮದ್ವೆಗೆ ಬಂದಿದೀವಿ ಅಷ್ಟೆ, ನಾಳೆ ವಾಪಸ್. ಅವಳ ಸುರಕ್ಷತೆಗೇ ಬೀಗ ಹಾಕಿದ್ದು. ಮಗಳ ಥರ ನೋಡ್ಕೊಂಡಿದೀವಿ ಸರ್."

"ನಿಮ್ಮ ಮಗಳನ್ನ ಮದ್ವೆಗೆ ಕರ್ಕೊಂಡು ಹೋಗಿದೀರಾ?"

ಆಚೆ ಕಡೆಯ ಧ್ವನಿ ಗಡುಸಾಯಿತು.

"ನೋಡಿ, ನಾವು ಕಾನೂನು ಗೊತ್ತಿರೋರು. ಪೊಲೀಸ್ ವೆರಿಫಿಕೇಶನ್ ಆದ ಹುಡುಗಿ ಅವಳು. ಟಿವಿ ಕೆಳಗಿನ ಡ್ರಾಯರಲ್ಲಿ ಫಾರಂ ಇದೆ. ನಿಮ್ಮದೇ ಸ್ಟೇಷನ್ನು."

ಫಾರಂ ಇತ್ತು. ಪ್ಲಾಸ್ಟಿಕ್ ಕವರಿನಲ್ಲಿ, ವಿಮೆಯ ಕಾಗದಗಳ ಜೊತೆ. ಮನೆಕೆಲಸದವರ ಪರಿಶೀಲನಾ ನಮೂನೆ. ವಯಸ್ಸು: 18. ಪರಿಚಯಿಸಿದವರು: ಟೈಲರ್. ದಿನಾಂಕ ಎರಡು ವರ್ಷದ ಹಿಂದಿನ ಮೇ ಮೂವತ್ತೊಂದು. 'ಖುದ್ದು ವಿಚಾರಿಸಿ ಪರಿಶೀಲಿಸಿದೆ' ಎಂಬ ಅಚ್ಚಾದ ಸಾಲಿನ ಕೆಳಗೆ ಠಾಣೆಯ ಮೊಹರು, ಮೊಹರಿನ ಮೇಲೆ ಇನ್ಸ್‌ಪೆಕ್ಟರ ಸಹಿ. ಕೊನೆಯ ಅಕ್ಷರದ ಬಾಲವನ್ನು ಅವರು ಬಲಕ್ಕೆ ಉದ್ದ ಎಳೆಯುತ್ತಾರೆ. ಇದರಲ್ಲಿ ಅವಸರಕ್ಕೆ ಬಾಲ ಇನ್ನಷ್ಟು ಉದ್ದವಾಗಿತ್ತು.

ಹುಡುಗಿ ಆ ಕಾಗದವನ್ನೇ ನೋಡುತ್ತಿದ್ದಳು.

"ಇದು ಗೊತ್ತಾ ನಿಂಗೆ?" ಎಂದು ಅಕ್ಕ ಕೇಳಿದಳು.

"ಚಿಕ್ಕಮ್ಮ ಹೇಳಿದಾರೆ. ಪೊಲೀಸ್ರು ಹದಿನೆಂಟು ಅಂತ ಸಹಿ ಹಾಕಿದಾರೆ, ನೀನು ಬೇರೆ ಹೇಳಿದ್ರೆ ಜೈಲಿಗೆ ಹಾಕ್ತಾರೆ ಅಂತ."

"ಯಾವ ಚಿಕ್ಕಮ್ಮ?"

ಹುಡುಗಿ ತುಟಿ ಬಿಗಿದಳು. ಆಮೇಲೆ ಎಷ್ಟು ಕೇಳಿದರೂ ಊರಿಲ್ಲ, ಶಾಲೆಯಿಲ್ಲ, ಅಪ್ಪ ಅಮ್ಮನ ಮಾತಿಲ್ಲ. ಹದಿನೆಂಟು, ಹದಿನೆಂಟು.

ಇನ್ಸ್‌ಪೆಕ್ಟರ್ ಬಾಲ್ಕನಿಗೆ ಹೋಗಿ ನಿಂತರು. ಎರಡು ವರ್ಷ ಈ ಬಾಗಿಲಿಗೆ ಬಿದ್ದಿದ್ದ ನಿಜವಾದ ಬೀಗ ಯಾವುದೆಂದು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

"ಸರ್, ಒಂದ್ನಿಮಿಷ." ಅಕ್ಕ ಹಗ್ಗದ ಮೇಲಿನ ಫ್ರಾಕ್ ಹಿಡಿದುಕೊಂಡು ಬಂದಳು. "ಇದು ಎಷ್ಟು ನೀಲಿ ಹೇಳಿ?"

"ಅಂದ್ರೆ?"

"ನೋಡಿ ಸರ್. ಮೇಲೆಲ್ಲ ಮಾಸಿದೆ. ಇಲ್ಲಿ ಎರಡು ಬೆರಳಗಲ ಸ್ವಲ್ಪ ಗಾಢ. ಅದರ ಕೆಳಗೆ ಎರಡು ಬೆರಳು, ಅಂಗಡಿಯಿಂದ ತಂದ ಹಾಗೇ ಇದೆ. ಮಕ್ಕಳ ಬಟ್ಟೆಗೆ ಟೈಲರ್‌ಗಳು ಅಂಚಲ್ಲಿ ಒಳಮಡಿಕೆ ಬಿಡ್ತಾರೆ, ಬೆಳೀತಾ ಬೆಳೀತಾ ಬಿಚ್ಚಿ ಉದ್ದ ಮಾಡ್ಕೊಳ್ಳಲಿ ಅಂತ. ಇದನ್ನ ಎರಡು ಸಲ ಬಿಚ್ಚಿದೆ. ಹದಿನೆಂಟರ ಮೇಲೆ ನಾಲ್ಕು ಬೆರಳು ಯಾರು ಸರ್ ಬೆಳೀತಾರೆ? ನಾನು ಬೆಳೆದಿದ್ದೆಲ್ಲ ಅಡ್ಡಕ್ಕೆ."

ಫಾರಮ್ಮಿನಲ್ಲಿ ಹದಿನೆಂಟು ಎಂದು ಬರೆದ ಟೈಲರಮ್ಮನೇ ಬಟ್ಟೆಯನ್ನು ಬೆಳೆಯುವ ಮಗುವಿಗೆ ಹೊಲಿದಿದ್ದಳು. ಪೆನ್ನು ಹಿಡಿದ ಕೈಗೆ ಸುಳ್ಳು ಬರುತ್ತಿತ್ತು. ಕತ್ತರಿ ಹಿಡಿದ ಕೈಗೆ ಅಭ್ಯಾಸ ತಪ್ಪಲಿಲ್ಲ. ಫ್ರಾಕುಗಳನ್ನು ಪಂಚರ ಸಮಕ್ಷಮ ಮೊಹರು ಮಾಡಿದರು. ಹುಡುಗಿಗೆ ನರ್ಸ್ ತನ್ನ ಮೊಮ್ಮಗಳ ಬಟ್ಟೆ ತಂದುಕೊಟ್ಟಳು.

ಮಧ್ಯಾಹ್ನ ಮೂರೂ ಹದಿನೈದು. ಹುಡುಗಿಯನ್ನು ಅಕ್ಕ ಆಸ್ಪತ್ರೆಗೆ, ಅಲ್ಲಿಂದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ದಳು. ಇನ್ಸ್‌ಪೆಕ್ಟರ್ ರೈಟರನ್ನು ಕರೆದು ಮೂರು ವರ್ಷದ ಪರಿಶೀಲನಾ ನಮೂನೆಗಳನ್ನು ತರಿಸಿದರು. ಟೈಲರ್ ಪರಿಚಯಿಸಿದ ಫಾರಂಗಳು ಇಪ್ಪತ್ತಮೂರು. ಒಂದೇ ಕೈಬರಹ. ಇಪ್ಪತ್ತಮೂರೂ ಹುಡುಗಿಯರಿಗೆ ಹದಿನೆಂಟು.

"ಒಬ್ಬಳನ್ನಾದ್ರೂ ನಾವು ನೋಡಿದ್ವೇನೋ?"

ರೈಟರ್ ನೆಲ ನೋಡಿದ. "ತಿಂಗಳ ಕೊನೇಲಿ ಗುಡ್ಡೆ ಹಾಕಿ ಕೊಡು, ಒಟ್ಟಿಗೆ ಸೈನ್ ಮಾಡ್ತೀನಿ ಅಂದಿದ್ರಿ ಸರ್ ನೀವು."

"ಅಂದಿದ್ದೆ."

"ಟೈಲರಮ್ಮ ಗೊತ್ತಿರೋರು ಬೇರೆ. ನಮ್ಮ ಯೂನಿಫಾರಂ ಎಲ್ಲ ಅವರೇ ಹೊಲ್ದಿದ್ದು." ರೈಟರ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸರ್, ಬರೀ ಅಕ್ರಮ ಬಂಧನ ಅಂತ ಎಫ್‌ಐಆರ್ ಹಾಕಿದ್ರೆ ವಯಸ್ಸಿನ ಮಾತೇ ಬರಲ್ಲ. ಈ ಕಟ್ಟು ಹಳೇದು. ಹೋದ ವರ್ಷ ರೆಕಾರ್ಡ್ ರೂಮಲ್ಲಿ ಗೆದ್ದಲು ಬಿದ್ದಿತ್ತಲ್ಲ..."

ಇನ್ಸ್‌ಪೆಕ್ಟರ್ ತಕ್ಷಣ ಬೇಡ ಎನ್ನಲಿಲ್ಲ. ಫ್ಯಾನಿನ ಗಾಳಿಗೆ ಫಾರಂಗಳ ಮೂಲೆ ಏಳುತ್ತಿತ್ತು. ಹದಿನೆಂಟಾದವಳನ್ನು ಮನೆಯಲ್ಲಿ ಕೂಡಿಹಾಕಿದರೆ ಅಕ್ರಮ ಬಂಧನ, ಠಾಣೆಯಲ್ಲೇ ಜಾಮೀನು. ಮಗುವನ್ನು ಏನಾದರೊಂದು ನೆಪ ಹೇಳಿ ಕರೆತಂದು ದುಡಿಸಿದರೆ ಅದು ಮಾನವ ಕಳ್ಳಸಾಗಣೆ. ಅಲ್ಲಿ ಮಗುವಿನ ಒಪ್ಪಿಗೆಗೂ ಬೆಲೆಯಿಲ್ಲ, ಹೆತ್ತವಳ ಒಪ್ಪಿಗೆಗೂ ಇಲ್ಲ. ಆದರೆ ಆ ಕಲಂ ಬರೆಯಬೇಕಾದರೆ ಈ ಫಾರಂ ಸುಳ್ಳು ಎಂದು ಮೊದಲು ಬರೆಯಬೇಕು. ಸುಳ್ಳು ಎಂದರೆ ಯಾರ ಸಹಿ ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಪ್ಪತ್ತೆರಡು ವರ್ಷದ ನೌಕರಿ. ಅವರು ಸುಮ್ಮನೆ ಕುಳಿತರು. ಆ ಸುಮ್ಮನಿರುವಿಕೆ ಎಷ್ಟು ಹೊತ್ತಿನದೆಂದು ರೈಟರ್ ನೋಡಲಿಲ್ಲ, ಅವರೇ ಗಡಿಯಾರ ನೋಡಿದರು. ಹನ್ನೊಂದು ನಿಮಿಷ. ಹನ್ನೊಂದು ನಿಮಿಷ ತಾನು ನಿಜಕ್ಕೂ ಯೋಚಿಸಿದೆ ಎಂಬುದನ್ನು ಅವರು ಮುಂದೆ ಯಾರಿಗೂ ಹೇಳಲಿಲ್ಲ. ಮರೆಯಲೂ ಇಲ್ಲ.

ಆಮೇಲೆ ಮೇಲಿನ ಫಾರಂ ಎತ್ತಿ ನೋಡಿದರು. ಕೆಲಸಕ್ಕಿರುವ ಮನೆಯ ವಿಳಾಸ, ಮಹಡಿ, ಬಾಗಿಲ ಸಂಖ್ಯೆ. ಕೆಳಗಿನದರಲ್ಲಿ ಇನ್ನೊಂದು ವಿಳಾಸ. ಉಳಿದ ಇಪ್ಪತ್ತೆರಡು ಹುಡುಗಿಯರು ಎಲ್ಲಿದ್ದಾರೆಂದು ಗೊತ್ತಿರುವುದು ಟೈಲರಿಗೆ ಮತ್ತು ಈ ಕಟ್ಟಿಗೆ ಮಾತ್ರ.

"ಗೆದ್ದಲಿಗೆ ಬೇರೆ ಏನಾದ್ರೂ ಹಾಕು," ಎಂದರು. "ಇದನ್ನ ಜಪ್ತಿ ಪಟ್ಟಿಗೆ ಸೇರ್ಸು. ವಶಪಡಿಸಿಕೊಂಡ ಸ್ಥಳ, ಈ ಠಾಣೆ. ಎಫ್‌ಐಆರ್‌ಗೆ ಮಾನವ ಕಳ್ಳಸಾಗಣೆ ಕಲಂ ಹಾಕು, ಬಾಲ ನ್ಯಾಯ ಕಾಯ್ದೇದೂ ಹಾಕು."

"ಸರ್..."

"ಟೈಪ್ ಮಾಡಪ್ಪ."

ಆ ಸಂಜೆಯೇ ಮೇಲಧಿಕಾರಿಗೆ ಒಂದು ಪುಟದ ಪತ್ರ ಹೋಯಿತು. ಸುಳ್ಳು ಪರಿಶೀಲನೆಗೆ ಸಹಿ ಮಾಡಿದವನು ತಾನೇ. ತನಿಖೆಯನ್ನು ಬೇರೆಯವರಿಗೆ ವಹಿಸಬೇಕು. ಅಲ್ಲಿಯವರೆಗೆ ಮಕ್ಕಳನ್ನು ಹುಡುಕಲು ಅನುಮತಿ ಬೇಕು. ಬೇರೆ ಅಧಿಕಾರಿ ಬರುವವರೆಗೆ ಮುಂದುವರಿಸಿ ಎಂದು ರಾತ್ರಿಯೇ ಉತ್ತರ ಬಂತು.

ಜೂನ್ ಹತ್ತು, ಬೆಳಿಗ್ಗೆ ಒಂಬತ್ತು. ಟೈಲರ್ ಅಂಗಡಿಗೆ ಬೀಗ. ಎರಡು ದಿನ ಇರಲ್ಲ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಪಂಚರ ಸಮಕ್ಷಮ ತೆರೆದಾಗ ಒಳಗೆ ಎರಡು ಹೊಲಿಗೆ ಯಂತ್ರ, ಗೋಡೆಗೆ ಹಳೆಯ ಶಾಲಾ ಸಮವಸ್ತ್ರದ ಕಾಗದದ ಮಾದರಿಗಳು, ಒಂದು ಉದ್ದನೆಯ ಅಳತೆ ಪುಸ್ತಕ. ಆಕೆ ಹಿಂದೆ ಒಂದು ಸಣ್ಣ ಊರಿನ ಶಾಲೆಗೆ ಸಮವಸ್ತ್ರ ಹೊಲಿಯುತ್ತಿದ್ದವಳು. ಪುಸ್ತಕದಲ್ಲಿ ಶಾಲೆಯ ಹೆಸರಿತ್ತು, ತರಗತಿವಾರು ಮಕ್ಕಳ ಹೆಸರಿತ್ತು. ಊರು ಬಿಟ್ಟ ಮೇಲೂ ಅಳತೆಗಳನ್ನು ಅದರಲ್ಲೇ ಬರೆಯುತ್ತ ಹೋಗಿದ್ದಳು, ಇಪ್ಪತ್ತಮೂರೂ ಹೆಸರುಗಳು ಅದರಲ್ಲಿದ್ದವು. ನೀಲಿ ಫ್ರಾಕಿನ ಹುಡುಗಿಯ ಸಾಲನ್ನು ಅಕ್ಕ ಗಟ್ಟಿಯಾಗಿ ಓದಿದಳು. "ಐದನೇ ಕ್ಲಾಸ್. ಭುಜ, ಎದೆ, ಉದ್ದ. ಒಳಮಡಿಕೆ ನಾಲ್ಕು ಬೆರಳು. ಬೇಗ ಬೆಳೆಯುತ್ತಾಳೆ."

ಕೊನೆಯ ಪುಟದಲ್ಲಿ ಹೊಸ ಶಾಯಿಯಲ್ಲಿ ಮೂರು ಅಳತೆಗಳಿದ್ದವು. ಆ ಬಟ್ಟೆಗಳು ಅಂಗಡಿಯಲ್ಲಿರಲಿಲ್ಲ.

"ತರೋಕೆ ಹೋಗಿದಾಳೆ," ಎಂದಳು ಅಕ್ಕ.

ಒಬ್ಬ ಕಾನ್‌ಸ್ಟೇಬಲ್ ಶಾಲೆಗೆ ಹೊರಟ. ಉಳಿದವರು ಮೂರು ಜೀಪುಗಳಲ್ಲಿ ವಿಳಾಸಗಳ ಬೆನ್ನು ಹತ್ತಿದರು. ಸಂಜೆಯ ಹೊತ್ತಿಗೆ ಹದಿನೇಳು ಹುಡುಗಿಯರು ಸಿಕ್ಕರು. ಬಾಗಿಲು ತೆರೆದ ಮನೆಗಳವರೆಲ್ಲ ಹೇಳಿದ್ದು ಎರಡೇ ಮಾತು. ಮಗಳ ಥರ. ಪೊಲೀಸ್ ವೆರಿಫಿಕೇಶನ್ ಆಗಿದೆ. ಒಂದು ಮನೆಯಲ್ಲಿ ಫಾರಮ್ಮಿಗೆ ಚೌಕಟ್ಟು ಹಾಕಿಸಿದ್ದರು. ಐದು ಮನೆಗಳು ಖಾಲಿಯಾಗಿದ್ದವು. ಆ ಐವರನ್ನು ಹುಡುಕಲು ಬೇರೆ ತಂಡ ಬೇಕಾಯಿತು. ಇಬ್ಬರು ಇನ್ನೂ ಸಿಕ್ಕಿಲ್ಲ.

ಆರೂವರೆಗೆ ಶಾಲೆಯ ದಾಖಲೆ ಬಂತು. ಮಕ್ಕಳ ಆಶ್ರಯಮನೆಯಲ್ಲಿ ಅಕ್ಕ ಅದನ್ನು ಹುಡುಗಿಗೆ ಓದಿ ಹೇಳಿದಳು. ಇನ್ಸ್‌ಪೆಕ್ಟರ್ ಈ ಸಲ ಸಮವಸ್ತ್ರವಿಲ್ಲದೆ ಬಂದಿದ್ದರು, ಆದರೂ ಬಾಗಿಲಲ್ಲೇ ನಿಂತರು.

"ಹದಿಮೂರು ವರ್ಷ ಎರಡು ತಿಂಗಳು ಕಣೆ ನಿಂಗೆ."

"ಅಷ್ಟೇನಾ?" ಹುಡುಗಿಗೆ ಸ್ವಲ್ಪ ನಿರಾಶೆಯಾದಂತಿತ್ತು. ಆಮೇಲೆ ಬಾಗಿಲ ಕಡೆ ನೋಡಿದಳು. "ಸುಳ್ಳು ಹೇಳಿದ್ದಕ್ಕೆ ಜೈಲಿಗೆ ಹಾಕ್ತೀರಾ?"

"ನಿನ್ನನ್ನಲ್ಲಮ್ಮ," ಎಂದರು ಇನ್ಸ್‌ಪೆಕ್ಟರ್. ಮುಂದೆ ಹೇಳಬೇಕಾದ ಮಾತು ಇತ್ತು. ಅದನ್ನು ಹದಿಮೂರು ವರ್ಷದವಳಿಗೆ ಹೇಗೆ ಹೇಳುವುದೋ ತಿಳಿಯಲಿಲ್ಲ.

ಜೂನ್ ಹನ್ನೊಂದು, ಬೆಳಿಗ್ಗೆ ಆರೂ ನಲವತ್ತು. ಪೊಲೀಸರು ಕಾದಿದ್ದ ಬಸ್ ನಿಲ್ದಾಣದಲ್ಲಿ, ಆ ಊರಿನ ಬಸ್ಸಿನಿಂದ ಟೈಲರ್ ಇಳಿದಳು. ಅವಳ ಹಿಂದೆ ಹೊಸ ಹಸಿರು ಫ್ರಾಕ್ ತೊಟ್ಟ ಮೂವರು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಇಳಿದರು. ಇನ್ಸ್‌ಪೆಕ್ಟರನ್ನು ಕಂಡು ಆಕೆಯ ಮುಖ ಅರಳಿತು.

"ಅಯ್ಯೋ, ಸಾಹೇಬ್ರು! ಇಷ್ಟು ಬೆಳಿಗ್ಗೆ ಯಾರನ್ನ ಕರ್ಕೊಳ್ಳೋಕೆ ಬಂದ್ರಿ?"

"ನಿಮ್ಮನ್ನೇ."

ಬಂಧನದ ಪತ್ರಕ್ಕೆ ಆಕೆ ಚೊಕ್ಕ ಅಕ್ಷರದಲ್ಲಿ ಸಹಿ ಮಾಡಿದಳು. ಕಾಲೇಜಿನ ಮೇಡಂ ಮತ್ತು ಅವರ ಗಂಡನನ್ನು ಅದೇ ದಿನ ಹತ್ತು ಗಂಟೆಗೆ ಮನೆಯಿಂದ ಬಂಧಿಸಲಾಯಿತು.

ಠಾಣೆಯಲ್ಲಿ ಟೈಲರಮ್ಮನ ಹೇಳಿಕೆ. ಓದಿಸುತ್ತೇನೆಂದ ಆಕೆಯ ಮಾತು ನಂಬಿ ಮಕ್ಕಳನ್ನು ಕಳಿಸಿದ್ದ ತಾಯಂದಿರು ಊರಿನಿಂದ ಬಂದು ಹೊರಗೆ ಕಾಯುತ್ತಿದ್ದರು. ರೈಟರ್ ಬರೆಯುತ್ತಿದ್ದ.

"ಇಪ್ಪತ್ತಮೂರು ಮಕ್ಕಳು. ಯಾಕೆ?"

"ನಾನು ಯಾರಿಗೂ ಹೊಡೀಲಿಲ್ಲ, ಬಡೀಲಿಲ್ಲ."

"ಅದನ್ನ ಕೇಳ್ಲಿಲ್ಲ."

ಆಕೆ ತನ್ನ ಬೆರಳುಗಳ ಸೂಜಿಗಾಯ ನೋಡಿಕೊಂಡಳು. "ಶಾಲೆಯೋರು ಫ್ಯಾಕ್ಟ್ರಿಯಿಂದ ಯೂನಿಫಾರಂ ತರ್ಸೋಕೆ ಶುರು ಮಾಡಿದ್ರು. ನಾನು ಇಲ್ಲಿಗೆ ಬಂದೆ. ದೊಡ್ಡ ಮನೆಗಳಿಗೆ ಅಳತೆ ತಗೊಳ್ಳೋಕೆ ಹೋದ್ರೆ ನೆಲದ ಮೇಲೆ ಮಂಡಿ ಊರಿ ಕೂರ್ಬೇಕು, ಅವ್ರು ಫೋನಲ್ಲಿ ಮಾತಾಡ್ತಾ ನಿಂತಿರ್ತಾರೆ. ಒಬ್ರು ಮೇಡಂ ಕೇಳಿದ್ರು, ನಿಮ್ಮ ಕಡೆ ಒಳ್ಳೇ ಹುಡುಗಿ ಇದ್ರೆ ನೋಡಿ ಅಂತ. ಕರ್ಕೊಂಡು ಬಂದೆ. ಆವತ್ತು ಅವ್ರು ನಂಗೆ ಕುರ್ಚಿ ಹಾಕಿದ್ರು ಸಾಹೇಬ್ರೇ. ಬನ್ನಿ ಚಿಕ್ಕಮ್ಮ, ಕೂತ್ಕೊಳ್ಳಿ ಅಂದ್ರು. ಆಮೇಲೆ ಎಲ್ಲ ಮನೇಲೂ ಹಾಕಿದ್ರು." ಆಕೆ ತಲೆ ಎತ್ತಿದಳು. "ಫಾರಂ ತಂದಾಗ ಇಲ್ಲೂ ಹಾಕ್ತಿದ್ರಿ."

ರೈಟರ್ ಹಾಳೆ ಮಗುಚಿದ.

"ಮೊದಲನೇ ಫಾರಂ ಕೊಟ್ಟಾಗ ನಂಗೆ ಭಯ ಇತ್ತು. ಹುಡುಗೀನ ಹೊರಗೆ ಗೇಟ್ ಹತ್ರ ನಿಲ್ಲಿಸ್ಕೊಂಡು ಬಂದಿದ್ದೆ, ಕರ್ಕೊಂಡು ಬನ್ನಿ ಅಂತೀರೇನೋ ಅಂತ. ನೀವು ಕರಿಯಿರಿ ಅಂದಿದ್ರೆ ಎರಡನೇದು ತರ್ತಿರಲಿಲ್ಲ. ನೀವು ಗೇಟಿನ ಕಡೆ ತಿರುಗೂ ನೋಡ್ಲಿಲ್ಲ."

ರೈಟರನ ಪೆನ್ನು ನಿಂತಿತು. ಅವನು ಇನ್ಸ್‌ಪೆಕ್ಟರ ಮುಖ ನೋಡಲಾರದೆ ಕಾಗದವನ್ನೇ ನೋಡುತ್ತ ಕೇಳಿದ.

"ಸರ್, ಇದೂ ಬರೀಬೇಕಾ?"

"ಅವರು ಹೇಳಿದ ಹಾಗೇ ಬರಿ. ಒಂದಕ್ಷರ ಬಿಡ್ಬೇಡ."

ರೈಟರ್ ಬರೆದ. ಬರೆದದ್ದನ್ನು ನಿಯಮದಂತೆ ಓದಿ ಹೇಳಬೇಕಿತ್ತು. ಇನ್ಸ್‌ಪೆಕ್ಟರ್ ಕಾಗದವನ್ನು ಅವನ ಕೈಯಿಂದ ತೆಗೆದುಕೊಂಡರು. ಹೊರಗಿನ ಬೆಂಚಿನ ಮೇಲೆ ಕಾಯುತ್ತಿದ್ದ ತಾಯಂದಿರಿಗೂ ಕೇಳಿಸುವಷ್ಟು ಗಟ್ಟಿಯಾಗಿ, ಮೊದಲ ಸಾಲಿನಿಂದ ತಾವೇ ಓದತೊಡಗಿದರು.