ಇಲ್ಲೇ ಇರ್ರಿ

"ಇಲ್ಲೇ ಇರ್ರಿ. ಕೂಸಿನ್ನ ನಾನ ತರ್ತೀನಿ."

ಬಾಗಿಲಿಗೆ ಅಡ್ಡ ನಿಂತು ಈಶ್ವರ ಆಡಿದ ಮೊದಲ ಮಾತು ಇದು. ನೀಲಮಳಿಗೆ ಮೈಯೆಲ್ಲ ಉರಿದುಹೋಯಿತು.

ಉಗಾರ ಬುದ್ರುಕದಲ್ಲಿ ಅವಳು ಆಶಾ ಕಾರ್ಯಕರ್ತೆ. ಹೆರಿಗೆಯಾದ ಮನೆಗೆ ಹೋಗಿ ಬಾಣಂತಿ, ಕೂಸು ಇಬ್ಬರನ್ನೂ ನೋಡಿ ಬರುವುದು ಅವಳ ಕೆಲಸ. ಈಶ್ವರನ ತಂಗಿ ಕೋಮಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಅದು ಕಬ್ಬಿನ ಹೊಲದವರ ದೊಡ್ಡ ಮನೆ. ನೀಲಮ ಬುದ್ಧವಿಹಾರದ ಬಳಿಯ ದಲಿತರ ಓಣಿಯವಳು. ಒಳಗೆ ಯಾಕೆ ಕರೆಯುವುದಿಲ್ಲವೆಂದು ಬೇರೆ ಬಿಡಿಸಿ ಹೇಳಬೇಕೇ?

ಮತ್ತೆ ಹೋದಾಗಲೂ ಬಾಗಿಲ ಹೊರಗಿನ ಕಟ್ಟೆಯೇ ಗತಿ, ಅದೇ ಮಾತು. ಗುಲಾಬಿ ಸೀರೆಯುಟ್ಟು ಬಿಸಿಲಲ್ಲಿ ನಿಂತವಳಿಗೆ ಕಟ್ಟೆಯ ಮೇಲೇ ಚಹಾ. ಅವಳು ಮುಟ್ಟಲಿಲ್ಲ. ಬಾಣಂತಿಯನ್ನು ನೋಡಬೇಕೆಂದರೆ, ಆಕೆ ಆರಾಮ ಇದ್ದಾಳೆಂದು ಈಶ್ವರನ ತಾಯಿ ಕಸ್ತೂರೆವ್ವ ಒಳಗಿನಿಂದಲೇ ಕೂಗುತ್ತಿದ್ದಳು.

ಇನ್ನೂ ಸಿಟ್ಟು ಬರಿಸುವ ಸಂಗತಿಯೆಂದರೆ, ಆ ಮನುಷ್ಯ ಒಳ್ಳೆಯವನಂತೆ ಕಾಣುತ್ತಿದ್ದ. ಅವಳು ಒಮ್ಮೆ ಹೇಳಿದ್ದಕ್ಕೆ ಪ್ರತಿ ಸಲ ಕೈ ತೊಳೆದೇ ಕೂಸನ್ನು ಎತ್ತುತ್ತಿದ್ದ. ಅದರ ಕತ್ತಿಗೆ ಅಂಗೈ ಕೊಟ್ಟು ಮೆಲ್ಲಗೆ ತರುತ್ತಿದ್ದ. ನೀಲಮ ನೋಡುತ್ತ ನಿಂತುಬಿಡುತ್ತಿದ್ದಳು. ಆಮೇಲೆ ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಳ್ಳುವುದು...

'ಹೊಸ್ತಿಲು ದಾಟಗೊಡದವನ ಮೇಲೆ ಎಂಥ ಮನಸ್ಸೇ ನಿನಗೆ? ನಾಚಿಕೆ ಇಲ್ಲ?'

ಒಂದು ದಿನ ಕೂಸು ಹಸಿದು ಚೀರುತ್ತಿತ್ತು. ಮೊನ್ನೆಯಿಂದ ಕೋಮಲಳ ಮೈ ಸುಡುತ್ತಿದೆ, ಹಾಲುಣಿಸಲೂ ಏಳುತ್ತಿಲ್ಲ ಎಂದು ಈಶ್ವರನೇ ಬಾಯಿ ಬಿಟ್ಟ. ಅದು ಹಾಲು ಇಳಿಯುವ ಜ್ವರ, ತಾನೇ ಹೋಗುತ್ತದೆಂದು ಅವ್ವ ಹೇಳಿದ್ದಾಳಂತೆ.

ನೀಲಮಳ ತಾಳ್ಮೆ ಅಲ್ಲಿಗೆ ಮುಗಿಯಿತು.

"ಕೂಸಿನ್ನ ಹೊರಗ ತರ್ತೀರಿ. ಬಾಣಂತೀನ್ನ ಹ್ಯಾಂಗ ತರ್ತೀರಿ? ಬಾಜೂಕ ಸರೀರಿ."

ಅವನು ಸರಿದ. ಅವಳು ನುಗ್ಗಿದಳು.

ಕಸ್ತೂರೆವ್ವ ಅಂದದ್ದನ್ನೆಲ್ಲ ಬರೆಯಲು ನನಗೆ ಕೈ ಬಾರದು. ನೀಲಮಳ ಓಣಿ, ಜಾತಿ, ಸತ್ತ ಅಪ್ಪ, ಒಂದನ್ನೂ ಅವಳು ಬಿಡಲಿಲ್ಲ. ನೀಲಮ ಕೇಳಿಸಿಕೊಳ್ಳುತ್ತಲೇ ಕೋಮಲಳ ಹಣೆ ಮುಟ್ಟಿದಳು, ಜೀಪು ತೆಗೆಯಲು ಈಶ್ವರನಿಗೆ ಹೇಳಿದಳು. ನಂಜು ಏರಿದೆ, ಇವತ್ತೇ ಕರೆತಂದದ್ದು ಒಳ್ಳೆಯದಾಯಿತು ಎಂದರು ಅಥಣಿಯ ಡಾಕ್ಟರು.

ಆಸ್ಪತ್ರೆಯ ಜಗಲಿಯಲ್ಲಿ ಈಶ್ವರ ತಲೆ ತಗ್ಗಿಸಿ ನಿಂತ.

"ಅವ್ವನ ಮಾತು ನಿಮ್ಮ ಕಿವೀಗೆ ಬೀಳಬಾರ್ದಂತ ಹೊರಗ ನಿಂದರಿಸ್ತಿದ್ದೆ. ನನಗೇನೂ ಭೇದ ಇಲ್ರಿ."

ನೀಲಮಳಿಗೆ ಸಿಟ್ಟಿಗೇ ಅಳು ಬಂತು.

"ಆ ಮಾತು ಹುಟ್ಟಿದಾಗಿಂದ ಕೇಳೀನಿ. ನನಗ ಅಡ್ಡ ನಿಂತ್ರಿ. ನಿಮ್ಮ ಅವ್ವಗ ಯಾಕ ಅಡ್ಡ ನಿಂದರಲಿಲ್ಲ?"

ಉತ್ತರಕ್ಕೆ ಕಾಯದೆ ಅವಳು ಬಸ್ಸು ಹತ್ತಿಬಿಟ್ಟಳು.

ಕೋಮಲ ಗುಣವಾಗಿ ಮನೆಗೆ ಬಂದ ಮೇಲೆ ನೀಲಮ ಹೋಗಲೇಬೇಕಾಯಿತು. ರೂಢಿಯಂತೆ ಕಟ್ಟೆಯ ಬಳಿ ನಿಂತಳು. ಈಶ್ವರ ಬರಿಗೈಯಲ್ಲಿ ಹೊರಬಂದು, ಕೂಸು ಒಳಗಿದೆ, ಬನ್ನಿ ಎಂದ. ಕಸ್ತೂರೆವ್ವ ಬಾಯಿ ತೆರೆದಳು.

"ಅವ್ವಾ, ಸಾಕು. ಅವರಿಗೆ ಅಂದ್ರ ನನಗ ಅಂದಂಗ."

ಮುದುಕಿ ಮುಖ ತಿರುಗಿಸಿ ಕುಳಿತಳು. ಆದರೆ ಬಾಯಿ ಮುಚ್ಚಿತು.

ತಾಯಿ ಮಗು ಇಬ್ಬರನ್ನೂ ನೋಡಿ ಮುಗಿಸಿ ಹೊರಟರೆ, ಬಾಗಿಲಲ್ಲಿ ಮತ್ತೆ ಅವನೇ.

"ಮತ್ತ ಅಡ್ಡ ನಿಂತ್ರೇನು?"

"ಹೂಂ... ಇಲ್ಲೇ ಇರ್ರಿ. ನನ್ನ ಲಗ್ನಾಗಿ, ಇಲ್ಲೇ ಇರ್ರಿ."

ಅದೇ ಮಾತು! ಆದರೆ ಈ ಸಲ ಅವಳು ಹೊಸ್ತಿಲೊಳಗಿದ್ದಳು. ಅವಳ ಕಣ್ಣು ತುಂಬಿತು.

"ಮನಿ ಮನಿ ತಿರಗೋದು ನಾ ಬಿಡಾಂಗಿಲ್ಲ."

"ಬಿಡಬ್ಯಾಡ್ರಿ. ಯಾರರ ಹೊರಗ ನಿಂದರಿಸಿದ್ರ, ನಿಮ್ಮ ಬಾಜೂ ನಾನೂ ನಿಂದರ್ತೀನಿ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಹಂಗಾರ ಸಂಜೀಕ ನಮ್ಮ ಮನೀಗೆ ಬಂದು ಕೇಳ್ರಿ. ನಮ್ಮವ್ವ ನಿಮ್ಮನ್ನ ಒಳಗ ಕರೀತಾಳ."