ಎರಡು ಚಮಚ ನೀರು

ಮಾರ್ಚ್ ಹದಿನಾಲ್ಕು, ಮಂಗಳವಾರ, ಸಂಜೆ 4.20. ಠಾಣೆಗೆ ಬರುವವರು ಬೇರೆಯವರ ಮೇಲೆ ದೂರು ತರುತ್ತಾರೆ. ಕುತ್ತಿಗೆಯಲ್ಲಿ ಅಳತೆಪಟ್ಟಿ ನೇತಾಡುತ್ತಿದ್ದುದನ್ನೂ ಮರೆತು ಬಂದಿದ್ದ ಆ ದರ್ಜಿ ತನ್ನ ಮೇಲೆಯೇ ದೂರು ತಂದಿದ್ದ.

“ನನ್ನ ಹೆಂಡ್ತೀನ ನಾನೇ ಕೊಂದೆ ಸಾರ್. ಬರ್ಕೊಳ್ಳಿ.”

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. “ಮೊದ್ಲು ಕೂತ್ಕೊಳ್ಳಿ. ಹೇಗೆ?”

“ನೀರು ಕೊಟ್ಟೆ. ಎರಡು ಚಮಚ.”

ಅಂದು ಬೆಳಿಗ್ಗೆ ಅವಳ ಗರ್ಭಕೋಶ ತೆಗೆದಿದ್ದರು. ಹತ್ತೂವರೆಗೆ ವಾರ್ಡಿಗೆ ತಂದು, ಬಾಯಿಗೆ ಏನೂ ಹಾಕಬೇಡಿ ಎಂದು ಹೇಳಿ ಹೋದರು. ಮಧ್ಯಾಹ್ನದಿಂದ ಅವಳು ನೀರಿಗಾಗಿ ಗೋಗರೆದಳು. ಒಂದೂವರೆಗೆ ಇವನ ಕರುಳು ತಡೆಯಲಿಲ್ಲ. 1.40ಕ್ಕೆ ಅವಳು ಹೋಗಿಬಿಟ್ಟಳು. ಗಂಡ ಕೊಟ್ಟ ನೀರು ನೆತ್ತಿಗೆ ಹತ್ತಿ ಉಸಿರು ಕಟ್ಟಿತು ಎಂದು ಚಾರ್ಟಿನಲ್ಲಿ ಬರೆದಿತ್ತು.

“ಭಾವಮೈದ ನನ್ನ ಮುಖ ನೋಡ್ತಿಲ್ಲ. ಮಗಳು ‘ಯಾಕಪ್ಪಾ ಕೊಟ್ಟೆ’ ಅಂತ ಒಂದೇ ಸಮ ಕೇಳ್ತಾಳೆ. ಏನಂತ ಹೇಳ್ಲಿ ಸಾರ್?”

ಇನ್‌ಸ್ಪೆಕ್ಟರ್ ಪೆನ್ನು ಮತ್ತೆ ಕೈಗೆತ್ತಿಕೊಂಡರು. ಅಸ್ವಾಭಾವಿಕ ಮರಣವೆಂದು ದಾಖಲಿಸಿ, 6.10ಕ್ಕೆ ಶವ ಪಂಚನಾಮೆ ಮುಗಿಸಿದರು.

ಮರುದಿನ ಹನ್ನೊಂದಕ್ಕೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯೆ ಕೈಗವಸು ಕಳಚುತ್ತಲೇ ಹೇಳಿದರು: “ಶ್ವಾಸಕೋಶದಲ್ಲಿ ತೊಟ್ಟು ನೀರಿಲ್ಲ. ಹೊಟ್ಟೆಯೊಳಗೆ ಎರಡು ಲೀಟರ್ ರಕ್ತ. ಒಳಗೆ ರಕ್ತನಾಳಕ್ಕೆ ಕಟ್ಟಿದ ದಾರದ ಗಂಟೊಂದು ಜಾರಿದೆ.”

“ಹೊರಗಿನಿಂದ ಗೊತ್ತಾಗಲ್ವಾ?”

“ನರ್ಸಿಗೆ ಗೊತ್ತಾಗ್ಲೇಬೇಕು. ಮೊದಲು ನಾಡಿ ಓಡತ್ತೆ. ಕೈಕಾಲು ತಣ್ಣಗೆ, ಬೆವರು, ಚಡಪಡಿಕೆ. ಬಿಪಿ ಬೀಳೋದು ಕಡೆಗೆ. ಶಾಕ್ ಅಂತೀವಿ. ಬೇಗ ಕರೆದಿದ್ರೆ ರಕ್ತ ಕೊಟ್ಟು, ಮತ್ತೆ ಹೊಟ್ಟೆ ಕೊಯ್ದು ಉಳಿಸ್ಕೋಬಹುದಿತ್ತು.”

ಚಾರ್ಟಿನಲ್ಲಿ 12.15, 12.45, 1.15, ಮೂರೂ ಹೊತ್ತಿಗೆ ನಾಡಿ ಎಂಬತ್ತೆರಡು, ಬಿಪಿ 120/80. ಒಳಗೊಳಗೇ ರಕ್ತ ಸೋರಿ ಸಾಯುತ್ತಿದ್ದವಳಿಗೆ, ಉಂಡು ಮಲಗಿದವಳ ನಾಡಿ. ಇನ್‌ಸ್ಪೆಕ್ಟರ್‌ಗೆ ಮೈಯೆಲ್ಲ ಉರಿದುಹೋಯಿತು. ಅಂದೇ 12.40ಕ್ಕೆ ಎಫ್‌ಐಆರ್ ಆಯಿತು.

ಇಪ್ಪತ್ತೆಂಟು ಹಾಸಿಗೆಯ ವಾರ್ಡಿಗೆ ಆ ಪಾಳಿಯಲ್ಲಿ ಒಬ್ಬರೇ ನರ್ಸ್. ಮೂವತ್ತು ವರ್ಷದ ಸರ್ವಿಸು. ಆಸ್ಪತ್ರೆಗೆಲ್ಲ ಆಕೆ ದೊಡ್ಡಕ್ಕ.

“ಚಾರ್ಟ್ ಬರೆದವರು?”

“ನಾನೇ.”

“ನಾಡಿ ಎಂಬತ್ತೆರಡೇ ಇತ್ತಾ?”

“ಬರ್ದಿದೆಯಲ್ಲ.” ಕಣ್ಣು ಮಾತ್ರ ನೆಲದ ಮೇಲಿತ್ತು.

ವಾರ್ಡಿನಿಂದ ಹೊರಗೆ ಬಂದಾಗ ಜೊತೆಗಿದ್ದ ಮಹಿಳಾ ಕಾನ್‌ಸ್ಟೇಬಲ್ ಬಾಯಿಬಿಟ್ಟಳು. “ಸಾರ್, ನಮ್ಮತ್ತಿಗೆ ನರ್ಸು. ಇವ್ರು ಯಾರೂ ನೇರ ಚಾರ್ಟಿಗೆ ಬರೆಯಲ್ಲ. ಪ್ಲಾಸ್ಟರ್ ತುಂಡಿನ ಮೇಲೆ ಗೀಚಿ ಏಪ್ರನ್‌ಗೆ ಅಂಟಿಸ್ಕೋತಾರೆ, ಆಮೇಲೆ ನಕಲು ಮಾಡ್ತಾರೆ. ಮನೇಲಿ ಅವಳ ಬಟ್ಟೆ ಒಗೆಯೋನು ನಮ್ಮಣ್ಣ. ಅದನ್ನ ಕಿತ್ತೂ ಕಿತ್ತೂ ಅವನ ಉಗುರು ಸವೆದಿದೆ.”

2.15ಕ್ಕೆ ಇಬ್ಬರು ಪಂಚರೊಂದಿಗೆ ಆಸ್ಪತ್ರೆಯ ಬಟ್ಟೆ ಕೋಣೆಗೆ ಹೋದರು. ಒಗೆಯದ ರಾಶಿಯಲ್ಲಿ ದೊಡ್ಡಕ್ಕನ ಏಪ್ರನ್ ಸಿಕ್ಕಿತು. ಜೇಬಿನ ಒಳಬದಿಗೆ ಪ್ಲಾಸ್ಟರ್ ಪಟ್ಟಿ, ಅದರ ಮೇಲೆ ನೀಲಿ ಶಾಯಿ: 12.15, ನಾಡಿ 104. 12.45, ನಾಡಿ 124, ಕೈ ತಣ್ಣಗೆ. 1.15, ನಾಡಿ 140, ಬಿಪಿ 78/50.

ಪಂಚನಾಮೆಗೆ ಸಹಿ ಹಾಕಿಸಿ, ಪಟ್ಟಿಯನ್ನು ಲಕೋಟೆಯಲ್ಲಿಟ್ಟು ವಾರ್ಡಿನ ಮೇಜಿನ ಮೇಲಿಟ್ಟರು. ದೊಡ್ಡಕ್ಕ ಅದನ್ನು ನೋಡಿ ಕೈಚೆಲ್ಲಿ ಕೂತರು.

“ನನಗೆ 12.45ಕ್ಕೇ ಗೊತ್ತಾಯ್ತು. ಕಾಲು ಎತ್ತರಿಸಿ ಇಟ್ಟೆ, ಸಲೈನ್ ಜೋರು ಮಾಡಿದೆ, ಹೊದಿಸಿದೆ.”

“ಸರ್ಜನ್‌ನ ಯಾಕೆ ಕರೀಲಿಲ್ಲ?”

“ಶನಿವಾರ ಹೀಗೇ ನಾಡಿ ಓಡ್ತಿದೆ ಅಂತ ಇನ್ನೊಬ್ಬ ರೋಗಿಗೆ ಅವರನ್ನ ಕರೆಸಿದ್ದೆ. ನೋಡಿದ್ರೆ ಬರೀ ನೋವು. ವಾರ್ಡಿನ ಎದುರಿಗೇ, ‘ಮೂವತ್ತು ವರ್ಷ ಏನು ಕಲಿತ್ರಿ’ ಅಂದ್ರು. ರೋಗಿಗಳ ಮನೆಯವ್ರೂ ನಕ್ರು. ಇನ್ನೊಂದು ಸಲ ನೋಡಿ ಕರೆಯೋಣ ಅಂದ್ಕೊಂಡೆ. 1.15ಕ್ಕೆ ನೋಡಿದಾಗ ಬಿಪಿ ಬಿದ್ದಿತ್ತು, ಇಷ್ಟು ತಡ ಯಾಕೆ ಅಂತಾರೆ ಅಂತ ಆಗ್ಲೂ ಕರೀಲಿಲ್ಲ, ಅಷ್ಟರಲ್ಲೇ ಎಲ್ಲ ಮುಗೀತು. ಆಮೇಲೆ ಭಯಕ್ಕೆ ಚಾರ್ಟು ಬೇರೆ ಬರೆದೆ. ನೀರಿನ ಚಮಚ ಕಣ್ಣಿಗೆ ಬಿತ್ತು.”

3.50ಕ್ಕೆ ಬಂಧನ. ನಿರ್ಲಕ್ಷ್ಯದಿಂದ ಸಾವು, ದಾಖಲೆ ತಿದ್ದಿದ್ದು. ಸರ್ಜನ್‌ಗೂ ನೋಟಿಸು ಹೋಯಿತು, ಆದರೆ ನಾಲ್ಕು ಜನರೆದುರು ಬೈದದ್ದಕ್ಕೆ ಯಾವ ಕಲಮನ್ನು ಹಾಕುವುದು? ಬೈಗುಳಕ್ಕೆ ಹೆದರಿ ಸುಮಾರು ಒಂದು ಗಂಟೆ ಕಾದ ದೊಡ್ಡಕ್ಕ ಜೀಪು ಹತ್ತಿದರು. ಇನ್‌ಸ್ಪೆಕ್ಟರ್‌ಗೆ ಆಕೆಯ ಮೇಲೆ ಸಿಟ್ಟೂ ಬಂತು, ಅಯ್ಯೋ ಪಾಪ ಎಂದೂ ಅನ್ನಿಸಿತು.

ಠಾಣೆಯ ಬೆಂಚಿನ ಮೇಲೆ ದರ್ಜಿ ಕೂತಿದ್ದ. ದೊಡ್ಡಕ್ಕ ಅವನೆದುರು ನಿಂತುಬಿಟ್ಟರು. ಕಾನ್‌ಸ್ಟೇಬಲ್ ಎಳೆಯಲಿಲ್ಲ.

“ನೀರಿನಿಂದ ಅಲ್ಲಪ್ಪಾ. ಒಳಗೆ ರಕ್ತ ಹೋಗ್ತಿದ್ರೆ ಬಾಯಿ ಒಣಗತ್ತೆ. ಅವಳು ನೀರು ಕೇಳಿದ್ದೂ ಶಾಕಿನ ಗುರುತೇ. ಅದನ್ನ ಕೇಳಿಸ್ಕೊಂಡು ಫೋನ್ ಮಾಡಬೇಕಾದವಳು ನಾನು. ನಿನ್ನ ತಪ್ಪು ಏನೂ ಇಲ್ಲ.”

ದರ್ಜಿ ಬೆಂಚಿನಿಂದ ಎದ್ದು ನಿಂತ. ಬೈಯಲಿಲ್ಲ.

“ಮಗಳು ಹೊರಗಿದ್ದಾಳೆ,” ಎಂದ. “ಇದನ್ನ ಅವಳಿಗೂ ಹೇಳ್ತೀರಾ? ನಾನು ಹೇಳಿದ್ರೆ ನಂಬಲ್ಲ.”

ಆಕೆ ಆಗಲಿ ಎಂದು ತಲೆಯಾಡಿಸಿದರು. ಕೋರ್ಟಿಗೆ ಹೊರಡಬೇಕಿದ್ದ ಜೀಪನ್ನು ಹತ್ತು ನಿಮಿಷ ನಿಲ್ಲಿಸಲು ಹೇಳಿ, ಹುಡುಗಿಯನ್ನು ಕರೆತರಲು ಇನ್‌ಸ್ಪೆಕ್ಟರ್ ತಾವೇ ಹೊರಗೆ ಹೋದರು.