ಒತ್ತಬೇ-

ಕನ್ನಡಕವನ್ನು ಮೂಗಿನ ಮೇಲೇರಿಸಿ ಸಾಕಮ್ಮ ಒಲೆಯ ಕಡೆ ನೋಡಿದರು. ಗಾಳಿಯಲ್ಲೇ ಒಂದು ಪುಟ ತೆರೆದುಕೊಂಡಿತು: ಒಲೆಯ ಹೆಸರು, ಬಳಸುವ ಕ್ರಮ, ಎಚ್ಚರಿಕೆಗಳು. ಕೊಳಾಯಿಯ ಕಡೆ ತಿರುಗಿದರೆ ಕೊಳಾಯಿಯ ಪುಟ.

"ಅಕ್ಷರ ಇರುವೆ ಸಾಲಿನ ಥರ ಇದೆ ಕಣಪ್ಪ."

"ನಿಮಗೆ ಬೇಕಾದ ಹಾಗೆ ಮಾಡ್ಕೋಬಹುದಮ್ಮ" ಎಂದರು ಡಾ. ಶ್ರೀಕರ. ಈ ಪುಟಗನ್ನಡಕವನ್ನು ಕಂಡುಹಿಡಿದವರು ಅವರೇ. ಚಂದ್ರನ ಮೇಲಿನ ಆ ನೆಲೆಯಲ್ಲಿ ಮುನ್ನೂರ ನಲವತ್ತು ಜನ, ಸಾವಿರಾರು ಯಂತ್ರ, ಯಂತ್ರಕ್ಕೊಂದು ಕೈಪಿಡಿ. ಬರೆದದ್ದು ಎಲ್ಲರಿಗೂ ಒಂದೇ. ಕಾಣುವ ರೀತಿ ಮಾತ್ರ ಅವರವರ ಇಷ್ಟ. ಸಾಲಿನ ಅಗಲ, ಅಕ್ಷರದ ದಪ್ಪ, ಬಣ್ಣ ಇವನ್ನು ಒಮ್ಮೆ ಹೇಳಿಬಿಟ್ಟರೆ ಕನ್ನಡಕದೊಳಗಿನ 'ಪುಟಜೋಡಕ' ಪ್ರತಿ ಕೈಪಿಡಿಯನ್ನೂ ಹಾಗೇ ಜೋಡಿಸಿ ತೋರಿಸುತ್ತಿತ್ತು. ಕನ್ನಡಕ ಬಂದಮೇಲೆ ನೆಲೆಯಲ್ಲಿ ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ.

ಅಡುಗೆಮನೆಯ ಯಜಮಾನತಿ ಸಾಕಮ್ಮ ತಮ್ಮ ಪಟ್ಟಿ ಒಪ್ಪಿಸಿದರು. ಅಕ್ಷರ ದಪ್ಪ, ಅರಿಸಿನ ಬಣ್ಣ, ಸಾಲು ಗಿಡ್ಡ. "ಎರಡೂ ಅಂಚು ಸಮ ಇರಲಿ. ಸೀರೆ ಸೆರಗಿನ ಹಾಗೆ."

"ಹಾಗಾದರೆ ಸಾಲಿನ ಕೊನೆಗೆ ಪದ ಮುರೀಬೇಕಾಗುತ್ತೆ."

"ಮುರೀಲಿ ಬಿಡಪ್ಪ. ರೊಟ್ಟಿ ಮುರಿದು ತಿನ್ನಲ್ವಾ?"

ಮಾರನೆಯ ಬೆಳಿಗ್ಗೆ ಹೊಸ ಮೊಸರುಪೆಟ್ಟಿಗೆಯ ಉದ್ಘಾಟನೆ. ಸಾಕಮ್ಮನವರ ಜೀವವೆಲ್ಲ ಒಂದು ಕುಡಿಕೆಯಲ್ಲಿತ್ತು. ಭೂಮಿಯಿಂದ ಮಡಿಲಲ್ಲಿಟ್ಟುಕೊಂಡು ತಂದ ಹೆಪ್ಪು ಅದು. ಇಡೀ ಚಂದ್ರನಿಗೆ ಇದ್ದದ್ದು ಅಷ್ಟೇ. ಮುಂದಿನ ನೌಕೆ ಬರಲು ಇನ್ನೂ ಎಂಟು ತಿಂಗಳು. ಪೆಟ್ಟಿಗೆಯೊಳಗಿನ ಹಾಲಿಗೆ ಹೆಪ್ಪನ್ನಷ್ಟೂ ಸುರಿದು ಅವರು ಪೆಟ್ಟಿಗೆಯ ಪುಟ ಓದಿದರು. ಕೊನೆಯ ಸಾಲುಗಳು ಅರಿಸಿನ ಬಣ್ಣದಲ್ಲಿ ಹೊಳೆಯುತ್ತಿದ್ದವು:

'ಒಳಗೆ ಹೆಪ್ಪು ಇರುವಾಗ ಕೆಂಪು ಗುಂಡಿಯನ್ನು ಒತ್ತಬೇ-'

ಅಲ್ಲಿಗೆ ಪುಟ ಮುಗಿದಿತ್ತು. ಇಷ್ಟು ದಪ್ಪಕ್ಷರದಲ್ಲಿ ಹೇಳಿದ ಮೇಲೆ 'ಬೇಕು' ಅಲ್ಲದೆ ಇನ್ನೇನು? ಸಾಕಮ್ಮ ಒತ್ತಿದರು. ಪೆಟ್ಟಿಗೆ ಬುಸುಗುಟ್ಟಿತು. ಆಮೇಲೆ ಅವರು ಕನ್ನಡಕಕ್ಕೆ ಸನ್ನೆಯಾಗಿ ಎರಡು ಸಲ ಕಣ್ಣು ಮಿಟುಕಿಸಿ ಪುಟ ತಿರುವಿದರು. ಮೊದಲ ಸಾಲಿನಲ್ಲಿ ಒಂದೇ ಒಂದು ಅಕ್ಷರ ಒಂಟಿಯಾಗಿ ಕುಳಿತಿತ್ತು: 'ಡಿ.'

ಕೆಂಪು ಗುಂಡಿ ಇದ್ದದ್ದು ಪೆಟ್ಟಿಗೆಯನ್ನು ಕುದಿಹಬೆಯಿಂದ ತೊಳೆಯಲು. ಹೆಪ್ಪು ಸತ್ತಿತ್ತು. ಸಾಕಮ್ಮನವರಿಗೆ ಅಳು ತಡೆಯಲಾಗಲಿಲ್ಲ.

ಓಡಿಬಂದ ಶ್ರೀಕರರ ಮುಖ ಸುಣ್ಣವಾಗಿತ್ತು. "ತಪ್ಪು ನಂದೇ ಅಮ್ಮ. ಎಲ್ಲಿ ಬೇಕಾದ್ರೂ ಮುರೀಬಹುದು ಅಂತ ಪುಟಜೋಡಕಕ್ಕೆ ಹೇಳಿಕೊಟ್ಟಿದ್ದೆ. 'ಬೇಕು', 'ಬೇಡಿ' ಎರಡಕ್ಕೂ ತಲೆ ಒಂದೇ ಅನ್ನೋದು ಹೊಳೀಲೇ ಇಲ್ಲ. ಸರಿಮಾಡೋಕೆ ಒಂದು ತಿಂಗಳಾದರೂ ಬೇಕು."

"ನಿನ್ನ ತಿಂಗಳು ಹಾಗಿರಲಿ. ಉಗ್ರಾಣದಲ್ಲಿ ಒಣಮೆಣಸಿನಕಾಯಿ ಇದೆಯಾ?" ಸಾಕಮ್ಮ ಮೂಗು ಒರೆಸಿಕೊಂಡರು. "ತೊಟ್ಟು ಸಮೇತ ತಾ. ಹೆಪ್ಪಿಲ್ಲದಾಗ ನಮ್ಮಜ್ಜಿ ಬೆಚ್ಚನೆ ಹಾಲಿಗೆ ಆ ತೊಟ್ಟು ಹಾಕ್ತಿದ್ದರು."

"ಅದು ಯಾವ ಕೈಪಿಡಿಯಲ್ಲೂ ಇಲ್ವಲ್ಲಮ್ಮ!"

"ಕೇಳಿದ್ರೆ ತಾನೆ ಹೇಳೋದು?"

ಮೊದಲ ಸಲ ಹಾಲು ಒಡೆದಂತಾಯಿತು. ಅದರಿಂದಲೇ ಚಮಚದಷ್ಟು ತೆಗೆದು ಇನ್ನೊಂದು ಹಾಲಿಗೆ ಹಾಕಿದರು. ಮೂರನೆಯ ಸಲಕ್ಕೆ ಗಟ್ಟಿ ಮೊಸರು.

ಪುಟಜೋಡಕ ಸರಿಯಾಗುವವರೆಗೆ ನೆಲೆಯಲ್ಲಿ ಒಂದು ತಾತ್ಕಾಲಿಕ ನಿಯಮ ಬಂತು: ಪುಟದ ಕೊನೆಗೆ 'ಬೇ-' ಕಂಡರೆ ಪಕ್ಕದವರನ್ನು ಕೇಳಿಯೇ ಮುಂದುವರಿಯಿರಿ. ತಿಂಗಳುಗಟ್ಟಲೆ ಮೌನವಾಗಿದ್ದ ಓಣಿಗಳಲ್ಲಿ "ಬೇಕಾ, ಬೇಡ್ವಾ?" ಎಂಬ ಕೂಗು ಶುರುವಾಯಿತು. ಕೇಳಲು ಬಂದವರು ಕುಳಿತರು, ಹರಟಿದರು. ತಿಂಗಳ ಮೇಲೆ ಪುಟಜೋಡಕ ಸರಿಯಾಯಿತು. ಆದರೂ ಜನ ಕೇಳುವುದನ್ನು ಬಿಡಲಿಲ್ಲ. ತಮ್ಮ ಕನ್ನಡಕವನ್ನು ಯಾರೂ ನಂಬುತ್ತಿಲ್ಲವೆಂದು ಶ್ರೀಕರರಿಗೆ ಒಳಗೊಳಗೇ ಸಂಕಟ.

ಒಂದು ದಿನ ಊಟಕ್ಕೆ ಅವರು ತಟ್ಟೆಯ ಮುಂದೆ ಕುಳಿತಿದ್ದರು. ಸಾಕಮ್ಮ ಸೌಟು ತುಂಬ ಮೊಸರು ಹಿಡಿದು ಬಂದರು.

"ಮೊಸರು ಬೇ..." ಎಂದು ಅಲ್ಲಿಗೇ ನಿಂತರು. ಸೌಟೂ ನಿಂತಿತು. ಸಾಲಿನುದ್ದಕ್ಕೂ ಎಲ್ಲರೂ ಕತ್ತೆತ್ತಿ ನೋಡಿದರು.

ಶ್ರೀಕರರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಕು! ಕು ಅಮ್ಮ, ಕು!"